ಮನಸ್ಸು ಕುಸಿದಾಗ ಮದ್ದು ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯೇ?



ಜ್ವರ ಮೂರು ದಿನವಾದರೂ ಬಿಡದಿದ್ದರೆ ನಾವು ಡಾಕ್ಟರ ಬಳಿಗೆ ಹೋಗುತ್ತೇವೆ. ಸಕ್ಕರೆ ಕಾಯಿಲೆ ಇರುವವರು ಬೆಳಿಗ್ಗೆ ಮಾತ್ರೆ ನುಂಗಿಯೇ ಬಲಿಪೂಜೆಗೆ ಬರುತ್ತಾರೆ. ಅವರಿಗೆ ವಿಶ್ವಾಸ ಸಾಲದು ಎಂದು ಯಾರೂ ಬೆರಳು ತೋರಿಸುವುದಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಲ್ಲಿ ಕೂಡ ನೀರಿಗೂ ಔಷಧಕ್ಕೂ ಧರ್ಮಸಭೆಯ ಕಾನೂನೇ ವಿನಾಯಿತಿ ಕೊಟ್ಟಿದೆ. ಆದರೆ ಕಾಯಿಲೆ ಮನಸ್ಸಿನದ್ದು ಎಂದ ಕೂಡಲೇ ನಮ್ಮ ಮಾತು ಬದಲಾಗುತ್ತದೆ. "ಜಪಸರ ಸರಿಯಾಗಿ ಹೇಳಿದರೆ ಎಲ್ಲಾ ಸರಿಹೋಗುತ್ತದೆ", "ಧ್ಯಾನಕೂಟಕ್ಕೆ ಕರೆದುಕೊಂಡು ಹೋಗಿ", "ಮನಸ್ಸು ಗಟ್ಟಿ ಮಾಡಿಕೊ", "ಯಾರಿಗೂ ಹೇಳಬೇಡಿ, ತಂಗಿಯ ಮದುವೆ ಆಗಬೇಕಲ್ಲ" ಎಂಬ ಮಾತುಗಳು ಸಾಲುಗಟ್ಟಿ ಬರುತ್ತವೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಈ ಮಾತುಗಳ ನಡುವೆ ತಿಂಗಳುಗಳು ಉರುಳುತ್ತವೆ, ಕಾಯಿಲೆ ಬೇರು ಬಿಡುತ್ತದೆ, ಕೆಲವು ಮನೆಗಳಲ್ಲಿ ಜೀವವೇ ಹೋಗುತ್ತದೆ. ಆದ್ದರಿಂದ ಈ ವಾರ ತೀವ್ರ ಖಿನ್ನತೆ, ಅದರ ಚಿಕಿತ್ಸೆ ಮತ್ತು ಮಾತ್ರೆಯ ವಿಚಾರವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ದುಃಖ ಬೇರೆ, ಖಿನ್ನತೆಯ ಕಾಯಿಲೆ ಬೇರೆ

ತಾಯಿ ತೀರಿಕೊಂಡಾಗ, ಬೆಳೆ ಕೈಕೊಟ್ಟಾಗ, ಮಗ ಪರೀಕ್ಷೆಯಲ್ಲಿ ಫೇಲಾದಾಗ ದುಃಖವಾಗುವುದು ಸಹಜ. ಅಂಥ ದುಃಖ ಅಲೆಯಂತೆ ಬಂದು ಹೋಗುತ್ತದೆ. ನಡುವೆ ಮೊಮ್ಮಗುವಿನ ಮಾತಿಗೆ ನಗು ಬರುತ್ತದೆ, ನೆರೆಯವರು ಬಂದರೆ ಸಮಾಧಾನವಾಗುತ್ತದೆ. ಖಿನ್ನತೆಯ ಕಾಯಿಲೆ ಹಾಗಲ್ಲ. ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಕ್ಕೂ ಮೀರಿ ಮನಸ್ಸು ಮಂಕಾಗಿರುತ್ತದೆ, ಇಲ್ಲವೇ ಹಿಂದೆ ಇಷ್ಟವಾಗಿದ್ದ ಯಾವುದರಲ್ಲೂ ರುಚಿ ಇರುವುದಿಲ್ಲ. ಇವೆರಡರಲ್ಲಿ ಒಂದಾದರೂ ಇದ್ದು, ಜೊತೆಗೆ ಕೆಳಗಿನವುಗಳಲ್ಲಿ ಹಲವು ಕಂಡುಬಂದರೆ ವೈದ್ಯರು ಅದನ್ನು ಖಿನ್ನತೆ ಎಂದು ಗುರುತಿಸುತ್ತಾರೆ:

- ನಿದ್ರೆ ಬಾರದಿರುವುದು, ನಸುಕಿನಲ್ಲೇ ಎಚ್ಚರವಾಗಿಬಿಡುವುದು, ಅಥವಾ ಇಡೀ ದಿನ ಮಲಗಿಯೇ ಇರುವುದು
- ಹಸಿವು ಮತ್ತು ದೇಹದ ತೂಕದಲ್ಲಿ ಏರುಪೇರು
- ಕೊಡ ನೀರು ಎತ್ತಲೂ ಆಗದಷ್ಟು ಸುಸ್ತು
- ಮಾತು, ನಡೆ ನಿಧಾನವಾಗುವುದು, ಅಥವಾ ಕುಳಿತಲ್ಲಿ ಕೂರಲಾಗದ ಚಡಪಡಿಕೆ
- ಗಮನ ನಿಲ್ಲದಿರುವುದು, ಸಣ್ಣ ತೀರ್ಮಾನಕ್ಕೂ ತಡವರಿಸುವುದು
- ತಾನು ಕೆಲಸಕ್ಕೆ ಬಾರದವನು, ದೊಡ್ಡ ಪಾಪಿ ಎಂಬ ವಿಪರೀತ ಅಪರಾಧ ಭಾವನೆ
- ಸಾವಿನ ಯೋಚನೆ, ಬದುಕಿರುವುದೇ ಬೇಡವೆನಿಸುವುದು

ನಮ್ಮ ಊರುಗಳಲ್ಲಿ ಅನೇಕರು "ನನಗೆ ಬೇಸರ" ಎಂದು ಬಾಯಿಬಿಟ್ಟು ಹೇಳುವುದಿಲ್ಲ. ತಲೆನೋವು, ಎದೆ ಭಾರ, ಕೈಕಾಲು ಸೆಳೆತ, ಹೊಟ್ಟೆಯುರಿ ಎನ್ನುತ್ತಾ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುತ್ತಾರೆ. ಗಂಡಸರಲ್ಲಿ ಅದು ಸಿಡುಕಾಗಿ, ಕುಡಿತವಾಗಿ ಕಾಣಿಸಬಹುದು. ಹೆರಿಗೆಯಾದ ಕೆಲವು ವಾರಗಳಲ್ಲಿ ತಾಯಂದಿರಿಗೂ ಈ ಕಾಯಿಲೆ ಬರಬಹುದು. ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದ ಬಾಣಂತಿಯನ್ನು "ಕಲ್ಲು ಹೃದಯದವಳು" ಎಂದು ಬೈಯುವ ಮೊದಲು ಇದನ್ನು ನೆನಪಿಡಬೇಕು.

ಇದು ಎಲ್ಲೋ ಒಬ್ಬಿಬ್ಬರ ಕಾಯಿಲೆಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಇಪ್ಪತ್ತು ಜನರಲ್ಲಿ ಒಬ್ಬರು ಖಿನ್ನತೆಯಿಂದ ಬಳಲುತ್ತಾರೆ. ಭಾನುವಾರ ನಿಮ್ಮ ದೇವಾಲಯದಲ್ಲಿ ಎಷ್ಟು ಬೆಂಚುಗಳು ತುಂಬಿರುತ್ತವೆ ಎಂದು ಎಣಿಸಿ ನೋಡಿ. ಅಲ್ಲಿರುವ ಯಾವ ಮನೆಯೂ ಇದಕ್ಕೆ ಹೊರತಲ್ಲ.

ಪವಿತ್ರ ಗ್ರಂಥ ಮತ್ತು ಧರ್ಮಸಭೆ ಏನು ಹೇಳುತ್ತವೆ?

ಪ್ರವಾದಿ ಎಲೀಯನನ್ನು ನೆನಪಿಗೆ ತಂದುಕೊಳ್ಳಿ. ಕಾರ್ಮೆಲ್ ಬೆಟ್ಟದಲ್ಲಿ ದೇವರಿಗಾಗಿ ಎದೆಗೊಟ್ಟು ನಿಂತವನು ಆತ. ಅದಾದ ಸ್ವಲ್ಪದರಲ್ಲೇ ರಾಣಿಯ ಬೆದರಿಕೆಗೆ ಹೆದರಿ ಅರಣ್ಯಕ್ಕೆ ಓಡಿ, ಒಂದು ಗಿಡದ ಕೆಳಗೆ ಕುಳಿತು, ತನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನೇ ಬೇಡಿದ (1 ಅರಸುಗಳು, 19ನೇ ಅಧ್ಯಾಯ). ದೇವರು ಅವನಿಗೆ ಛೀಮಾರಿ ಹಾಕಲಿಲ್ಲ. "ನಿನ್ನ ವಿಶ್ವಾಸ ಎಲ್ಲಿ ಹೋಯಿತು?" ಎಂದು ಉಪದೇಶ ಮಾಡಲಿಲ್ಲ. ಮೊದಲು ಮಲಗಲು ಬಿಟ್ಟರು. ದೂತನ ಕೈಯಲ್ಲಿ ಬಿಸಿ ರೊಟ್ಟಿ, ನೀರು ಕಳುಹಿಸಿದರು. ಮತ್ತೆ ಮಲಗಲು ಬಿಟ್ಟು, ಮತ್ತೆ ಉಣ್ಣಿಸಿದರು. ಬೆಟ್ಟದ ಮೇಲಿನ ಮಾತುಕತೆ ಆಮೇಲೆ. ಕೊನೆಗೆ ಎಲೀಷನನ್ನು ಜೊತೆಗಾರನನ್ನಾಗಿ ಕೊಟ್ಟರು. ದೇಹಕ್ಕೆ ಆರೈಕೆ, ಕಿವಿಗೊಡುವವರು, ಒಂಟಿತನಕ್ಕೆ ಜೊತೆ: ದೇವರು ಕ್ರಮವಾಗಿ ಕೊಟ್ಟದ್ದು ಇವನ್ನೇ.

ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಇಂದು ಸಂಜೆ ಮನೆಯಲ್ಲಿ ಓದಿ. ವೈದ್ಯನನ್ನು ಉಂಟುಮಾಡಿದವರು ದೇವರು, ಔಷಧವನ್ನು ಭೂಮಿಯಿಂದ ಹುಟ್ಟಿಸಿದವರೂ ದೇವರೇ, ವಿವೇಕಿ ಅದನ್ನು ಹಳಿಯುವುದಿಲ್ಲ ಎಂಬುದು ಅಲ್ಲಿಯ ಬೋಧನೆ. ಅದೇ ಅಧ್ಯಾಯ ಕಾಯಿಲೆಯಲ್ಲಿ ಪ್ರಾರ್ಥನೆ ಮಾಡು ಎನ್ನುತ್ತದೆ. ವೈದ್ಯನಿಗೂ ಜಾಗ ಕೊಡು ಎನ್ನುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಎಂದು ಹೇಳುವುದಿಲ್ಲ.

ಸಂತ ಎರಡನೆಯ ಜಾನ್ ಪೌಲರು 1996ರಲ್ಲಿ ಮಾನಸಿಕ ಕಾಯಿಲೆಗಳ ಕುರಿತು ವ್ಯಾಟಿಕನ್ನಿನಲ್ಲಿ ನಡೆದ ಸಮ್ಮೇಳನದಲ್ಲಿ, ಮನೋರೋಗದಿಂದ ನರಳುವವರು ಯಾವಾಗಲೂ ದೇವರ ರೂಪವನ್ನೂ ಹೋಲಿಕೆಯನ್ನೂ ಹೊತ್ತವರು ಎಂದು ಸ್ಪಷ್ಟಪಡಿಸಿದರು. 2003ರಲ್ಲಿ ಖಿನ್ನತೆಯ ಬಗ್ಗೆಯೇ ಅಲ್ಲಿ ಇನ್ನೊಂದು ಸಮ್ಮೇಳನ ನಡೆಯಿತು.

ಇನ್ನೊಂದು ಉದಾಹರಣೆ ನಮ್ಮ ಮನೆಗಳಿಗೆ ಹತ್ತಿರವಾದದ್ದು. ಪುಟ್ಟ ಪುಷ್ಪವೆಂದು ನಾವು ಪ್ರೀತಿಸುವ ಲಿಸಿಯದ ಸಂತ ತೆರೇಸಮ್ಮನವರ ತಂದೆ ಲೂಯಿ ಮಾರ್ಟಿನ್ ಅವರನ್ನು 1889ರಲ್ಲಿ ಫ್ರಾನ್ಸಿನ ಕಾನ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರದು ಖಿನ್ನತೆಯಲ್ಲ, ಮಿದುಳಿಗೆ ಸಂಬಂಧಿಸಿದ ಕಾಯಿಲೆ. ಆದರೆ ಊರಿನವರ ಗುಸುಗುಸು, ಹೆಣ್ಣುಮಕ್ಕಳ ಕಣ್ಣೀರು, ಆಸ್ಪತ್ರೆಯ ಹೆಸರು ಹೇಳಲು ಇದ್ದ ಸಂಕೋಚ ಇವೆಲ್ಲ ನಮ್ಮ ಮನೆಗಳಲ್ಲಿ ಇರುವಂಥದ್ದೇ. ಸುಮಾರು ಮೂರು ವರ್ಷ ಅಲ್ಲಿದ್ದ ಆ ತಂದೆಯನ್ನು ಪತ್ನಿ ಝೆಲಿಯವರೊಂದಿಗೆ 2015ರಲ್ಲಿ ಸಂತರ ಪಟ್ಟಿಗೆ ಸೇರಿಸಲಾಯಿತು. ಮಾನಸಿಕ ಆಸ್ಪತ್ರೆಯ ಹಾಸಿಗೆ ಸಂತತನಕ್ಕೆ ಅಡ್ಡಿಯಾಗಲಿಲ್ಲ.

ಯಾರ ಬಳಿಗೆ ಹೋಗಬೇಕು?

ಮೊದಲು ನಿಮ್ಮ ಮನೆಯ ಡಾಕ್ಟರನ್ನೇ ಕಾಣಬಹುದು. ಥೈರಾಯ್ಡ್ ಗ್ರಂಥಿಯ ತೊಂದರೆ, ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ ಕೂಡ ಸುಸ್ತು, ಮಂಕು ತರುತ್ತವೆ. ಸರಳ ರಕ್ತ ಪರೀಕ್ಷೆಯಿಂದ ಇವನ್ನು ಕಂಡುಹಿಡಿಯಬಹುದು.

ಮನೋವೈದ್ಯರೆಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮನಸ್ಸಿನ ಕಾಯಿಲೆಗಳಲ್ಲಿ ಹೆಚ್ಚಿನ ವ್ಯಾಸಂಗ ಮಾಡಿದ ಡಾಕ್ಟರು. ಅವರು ಮಾತ್ರೆ ಬರೆದುಕೊಡಬಲ್ಲರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತ್ರೆ ಕೊಡುವುದಿಲ್ಲ. ಮಾತುಕತೆಯ ಮೂಲಕ ಯೋಚನೆಯ ದಾರಿಯನ್ನು, ದಿನಚರಿಯನ್ನು ಸರಿಪಡಿಸಿಕೊಳ್ಳಲು ಕಲಿಸುತ್ತಾರೆ. ಖಿನ್ನತೆ ಸೌಮ್ಯವಾಗಿದ್ದರೆ ಮಾತುಕತೆಯ ಚಿಕಿತ್ಸೆಯೊಂದೇ ಸಾಕಾಗಬಹುದು. ತೀವ್ರವಾಗಿದ್ದರೆ ಮಾತ್ರೆ ಮತ್ತು ಮಾತುಕತೆ ಎರಡೂ ಸೇರಿದಾಗ ಹೆಚ್ಚು ಪ್ರಯೋಜನ.

ಇದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವನ್ನು ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರುತ್ತಾರೆಂದೂ ಕೇಳಿ. ನಮ್ಮ ಧರ್ಮಸಭೆಯೂ ಈ ಸೇವೆಯಲ್ಲಿ ಹಿಂದೆ ಬಿದ್ದಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ, 1880ರಲ್ಲಿ ಯೇಸುಸಭೆಯ ಫಾದರ್ ಮುಲ್ಲರರು ಮಂಗಳೂರಿನ ಕಂಕನಾಡಿಯಲ್ಲಿ ಸ್ಥಾಪಿಸಿದ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗಗಳಿವೆ. ಧರ್ಮಸಭೆಯೇ ಬಾಗಿಲು ತೆರೆದಿರುವಾಗ, ಒಳಗೆ ಹೋಗಲು ವಿಶ್ವಾಸಿಗಳಿಗೆ ನಾಚಿಕೆ ಏಕೆ?

ಊರಿನವರಿಗೆ ತಿಳಿದೀತೆಂಬ ಭಯವಿದ್ದರೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ದೇಹದ ಕಾಯಿಲೆಗೆ ಸಿಗುವ ವಿಮಾ ಸೌಲಭ್ಯ ಮನಸ್ಸಿನ ಕಾಯಿಲೆಗೂ ಸಿಗಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಮೊದಲ ಭೇಟಿಗೆ ಮನೆಯವರಲ್ಲಿ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ತೊಂದರೆ ಯಾವಾಗ ಶುರುವಾಯಿತು, ನಿದ್ರೆ-ಊಟ ಹೇಗಿದೆ, ಈಗ ಯಾವ ಯಾವ ಔಷಧ ನಡೆಯುತ್ತಿದೆ (ಆಯುರ್ವೇದ, ನಾಟಿ ಮದ್ದು ಸೇರಿ), ಕುಡಿತವಿದೆಯೇ, ಮನೆತನದಲ್ಲಿ ಇಂಥ ಕಾಯಿಲೆ ಇತ್ತೇ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಿಂದೆ ಎಂದಾದರೂ ನಿದ್ರೆಯೇ ಇಲ್ಲದೆ ಅತಿಯಾದ ಹುರುಪು, ಅತಿಯಾದ ಮಾತು, ಬೇಕಾಬಿಟ್ಟಿ ಖರ್ಚು ಮಾಡಿದ ದಿನಗಳಿದ್ದರೆ ಅದನ್ನು ತಪ್ಪದೆ ಹೇಳಿ. ಅಂಥವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಹುರುಪು ಮಿತಿಮೀರಬಹುದು. ಚಿಕಿತ್ಸೆಯ ದಾರಿಯೇ ಬೇರೆ.

ಮಾತ್ರೆಯ ಬಗ್ಗೆ ಕೇಳುವ ಪ್ರಶ್ನೆಗಳು

"ಮಾತ್ರೆ ಏನು ಮಾಡುತ್ತದೆ?" ಖಿನ್ನತೆಗೆ ಮಾತ್ರೆ ಇದೆಯೆಂದು ವೈದ್ಯಲೋಕ ಕಂಡುಕೊಂಡದ್ದು 1950ರ ದಶಕದಲ್ಲಿ. ಈಗ ಹೆಚ್ಚಾಗಿ ಬಳಸುವ ಫ್ಲುವಾಕ್ಸೆಟಿನ್, ಸರ್ಟ್ರಾಲಿನ್, ಎಸಿಟಲೋಪ್ರಾಮ್ ಮುಂತಾದವು ಆಮೇಲೆ ಬಂದವು. ಇವು ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಆದರೆ ಆ ಒಂದು ವಸ್ತು ಕಡಿಮೆಯಾದದ್ದರಿಂದಲೇ ಖಿನ್ನತೆ ಬರುತ್ತದೆ ಎಂಬಷ್ಟು ಸರಳ ಲೆಕ್ಕ ಇದಲ್ಲ. ಮನೆತನ, ಬಾಲ್ಯದ ನೋವು, ಸಾಲ, ಕಾಯಿಲೆ, ಒಂಟಿತನ ಹೀಗೆ ಅನೇಕ ಎಳೆಗಳು ಸೇರಿರುತ್ತವೆ. ಮಾತ್ರೆ ಸಾಲ ತೀರಿಸುವುದಿಲ್ಲ, ಗಂಡನ ಕುಡಿತ ಬಿಡಿಸುವುದಿಲ್ಲ. ಕುಸಿದ ಮನಸ್ಸಿಗೆ ಎದ್ದು ಕೂರುವಷ್ಟು ಬಲ ಕೊಡುತ್ತದೆ. ಎದ್ದು ಕುಳಿತವರು ಉಳಿದದ್ದನ್ನು ಎದುರಿಸಬಲ್ಲರು.

"ಎಷ್ಟು ದಿನದಲ್ಲಿ ಗುಣ?" ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಅಲ್ಲ. ಎರಡರಿಂದ ನಾಲ್ಕು ವಾರಗಳಲ್ಲಿ ಸುಧಾರಣೆ ಕಾಣತೊಡಗಬಹುದು. ಪೂರ್ತಿ ಪರಿಣಾಮ ತಿಳಿಯಲು ಆರು ವಾರವಾದರೂ ಬೇಕಾಗಬಹುದು. ಇಲ್ಲೇ ಅನೇಕರು ಎಡವುತ್ತಾರೆ. ಹತ್ತು ದಿನ ನುಂಗಿ "ಪ್ರಯೋಜನವಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಎಲ್ಲರಿಗೂ ಮೊದಲ ಮಾತ್ರೆಯೇ ಒಗ್ಗುತ್ತದೆ ಎಂದೂ ಇಲ್ಲ. ಒಗ್ಗದಿದ್ದರೆ ವೈದ್ಯರು ಪ್ರಮಾಣ ಬದಲಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆ ಕೊಡುತ್ತಾರೆ.

"ತೊಂದರೆ ಏನಾದರೂ ಆಗುತ್ತದೆಯೇ?" ಮೊದಲ ಒಂದೆರಡು ವಾರ ವಾಕರಿಕೆ, ತಲೆನೋವು, ನಿದ್ರೆಯ ಏರುಪೇರು, ಚಡಪಡಿಕೆ ಇರಬಹುದು; ಹೆಚ್ಚಿನವರಲ್ಲಿ ಇವು ಕಡಿಮೆಯಾಗುತ್ತವೆ. ಕೆಲವರಿಗೆ ದಾಂಪತ್ಯ ಜೀವನದ ಆಸಕ್ತಿ ಕುಂದುತ್ತದೆ. ನಾಚಿಕೆಯಿಂದ ಸುಮ್ಮನಿರದೆ ವೈದ್ಯರಿಗೆ ಹೇಳಿದರೆ ಪರಿಹಾರ ಹುಡುಕಬಹುದು. 25 ವರ್ಷದೊಳಗಿನವರಲ್ಲಿ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆ ಇದೆ. ಮನೆಯವರು ಹತ್ತಿರದಿಂದ ಗಮನಿಸಬೇಕು, ಬದಲಾವಣೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ವೈದ್ಯರಿಗೆ ಮೊದಲೇ ಹೇಳಬೇಕು. ತಾವಾಗಿಯೇ ನಿಲ್ಲಿಸಲೂ ಬಾರದು. ಮದ್ಯ ಬೇಡ.

"ಚಟವಾಗಿಬಿಡುತ್ತದೆಯೇ?" ಸಾರಾಯಿಯಂತೆ ದಿನದಿಂದ ದಿನಕ್ಕೆ ಹೆಚ್ಚು ಬೇಕೆನಿಸುವ ಚಟ ಈ ಮಾತ್ರೆಗಳಿಂದ ಬರುವುದಿಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ರಾಭಂಗ ಆಗಬಹುದು. ಹಾಗಾಗಿ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ನಿದ್ರೆಗೆಂದು, ಗಾಬರಿಗೆಂದು ಕೆಲವೊಮ್ಮೆ ಕೊಡುವ ಮಾತ್ರೆಗಳು ಬೇರೆ ಜಾತಿಯವು. ಅವುಗಳಲ್ಲಿ ಕೆಲವು ಅಭ್ಯಾಸವಾಗಬಲ್ಲವು. ಬರೆದುಕೊಟ್ಟಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ತಾವೇ ಕೊಂಡು ನುಂಗಬಾರದು.

"ಗುಣವಾದ ಮೇಲೆ ನಿಲ್ಲಿಸಬಹುದಲ್ಲ?" ಗುಣವಾದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಲು ವೈದ್ಯರು ಹೇಳುತ್ತಾರೆ. ಪದೇ ಪದೇ ಬಂದಿದ್ದರೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಗಾಯದ ಮೇಲೆ ಹೊಸ ಚರ್ಮ ಬಂದರೂ ಒಳಗೆ ಮಾಗಲು ಸಮಯ ಬೇಕಲ್ಲವೇ?

"ಕರೆಂಟ್ ಕೊಡುತ್ತಾರಂತೆ, ನಿಜವೇ?" ಊಟ ನೀರನ್ನೂ ಬಿಟ್ಟವರಿಗೆ, ಜೀವಕ್ಕೆ ಅಪಾಯವಿರುವವರಿಗೆ, ಮಾತ್ರೆಗೆ ಬಗ್ಗದ ಖಿನ್ನತೆಗೆ ವೈದ್ಯರು ವಿದ್ಯುತ್ ಚಿಕಿತ್ಸೆಯನ್ನು ಸೂಚಿಸಬಹುದು. ಸಿನಿಮಾದಲ್ಲಿ ತೋರಿಸುವಂತೆ ಕಟ್ಟಿಹಾಕಿ ಕೊಡುವುದಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಕೊಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಕೆಲವರಿಗೆ ಸ್ವಲ್ಪ ಕಾಲ ಮರೆವು ಬರಬಹುದು. ಅದನ್ನೂ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ.

ಪ್ರಾರ್ಥನೆಯ ಹೆಸರಿನಲ್ಲಿ ಮಾತ್ರೆ ನಿಲ್ಲಿಸಬೇಡಿ

ಧ್ಯಾನಕೂಟದಲ್ಲಿ ಹಾಡು, ಪ್ರಾರ್ಥನೆ, ನಾಲ್ಕು ಜನರ ಜೊತೆ ಸಿಕ್ಕಾಗ ಮನಸ್ಸು ಹಗುರವಾಗುತ್ತದೆ. ಅದು ದೇವರ ಕೊಡುಗೆಯೇ. ಆದರೆ "ನಾನು ಗುಣವಾದೆ, ಇನ್ನು ಮಾತ್ರೆ ಬೇಡ" ಎಂದು ಅಂದೇ ಮಾತ್ರೆ ಎಸೆಯುವುದು ವಿಶ್ವಾಸವಲ್ಲ, ದುಡುಕು. ಪ್ರಭು ಯೇಸು ಕುಷ್ಠರೋಗಿಯನ್ನು ಗುಣಪಡಿಸಿದ ಮೇಲೂ ಯಾಜಕರ ಬಳಿಗೆ ಹೋಗಿ ತೋರಿಸಿಕೊಳ್ಳಲು ಹೇಳಿದರು. ನಿಮ್ಮ ಮನಸ್ಸು ಹಗುರವಾಗಿದ್ದರೆ ಅದನ್ನು ವೈದ್ಯರಿಗೆ ತೋರಿಸಿ. ಮಾತ್ರೆ ಇಳಿಸುವ ಸಮಯ ಬಂದಿದೆಯೇ ಎಂದು ಅವರು ಹೇಳಲಿ. ಯಾರೇ ಆಗಲಿ, ಎಷ್ಟೇ ಪ್ರಸಿದ್ಧ ಬೋಧಕರಾಗಲಿ, ಮಾತ್ರೆ ಬಿಡು ಎಂದರೆ ಕೇಳಬೇಡಿ.

ಪಾಪನಿವೇದನೆಯ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಖಿನ್ನತೆಯಲ್ಲಿರುವವರು ಇಪ್ಪತ್ತು ವರ್ಷದ ಹಿಂದಿನ ಪಾಪವನ್ನು ಮತ್ತೆ ಮತ್ತೆ ನಿವೇದಿಸುತ್ತಾರೆ, ಕ್ಷಮೆ ಸಿಕ್ಕಿದೆಯೆಂಬ ನಂಬಿಕೆಯೇ ಬರುವುದಿಲ್ಲ. ದೇವರು ಕ್ಷಮಿಸಿದ್ದಾಗಿದೆ, ಅಪರಾಧ ಭಾವನೆ ಕಾಯಿಲೆಯ ಲಕ್ಷಣ. ಪ್ರಾರ್ಥಿಸಲು ಆಗುತ್ತಿಲ್ಲ ಎಂಬ ಕೊರಗಿನವರಿಗೂ ಇದೇ ಮಾತು. ಜಪಸರದ ಮಣಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತರೂ ಸಾಕು. ನಿಮ್ಮ ಪರವಾಗಿ ಮನೆಯವರು ಪ್ರಾರ್ಥಿಸಲಿ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದಾಗ ಪ್ರಭು ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನೂ ಹೌದು. ವ್ಯಾಧಿಸ್ಥರ ಅಭ್ಯಂಗ ಸಾಯುವವರಿಗೆ ಮಾತ್ರವಲ್ಲ. ಕಾಯಿಲೆ ಗಂಭೀರವಾಗಿದ್ದರೆ ಅದರ ಬಗ್ಗೆ ನಿಮ್ಮ ಗುರುಗಳಲ್ಲಿ ವಿಚಾರಿಸಿ.

ಸಾವಿನ ಮಾತು ಬಂದಾಗ

"ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ" ಎಂಬ ಮಾತನ್ನು ತಮಾಷೆಯೆಂದು ತಳ್ಳಿಹಾಕಬೇಡಿ. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದವರಿದ್ದಾರೆ ಎಂಬುದೇ ಎಷ್ಟೋ ಜನರಿಗೆ ಆಸರೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ತಂದ ಕೀಟನಾಶಕ, ಮನೆಯಲ್ಲಿರುವ ಮಾತ್ರೆಗಳನ್ನು ಬೀಗದಲ್ಲಿಡಿ, ಇಲ್ಲವೇ ಬೇರೆ ಮನೆಗೆ ಸಾಗಿಸಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಇದನ್ನು ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೆ, ಪತ್ರಿಕೆಯನ್ನು ಪಕ್ಕಕ್ಕಿಟ್ಟು ಈಗಲೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಅಥವಾ ಆ ಸಂಖ್ಯೆಗೆ ಕರೆ ಮಾಡಿ.

ಈಗಾಗಲೇ ಒಬ್ಬರನ್ನು ಹೀಗೆ ಕಳೆದುಕೊಂಡ ಮನೆಗಳು ನಮ್ಮ ನಡುವೆ ಇವೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ತೀವ್ರ ಮಾನಸಿಕ ತೊಂದರೆ ಅಂಥವರ ಹೊಣೆಯನ್ನು ತಗ್ಗಿಸಬಲ್ಲದು, ಅವರ ನಿತ್ಯಜೀವದ ಬಗ್ಗೆ ನಿರಾಶರಾಗಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು ಬೋಧಿಸುತ್ತದೆ (2282, 2283). ಆ ಮನೆಯವರನ್ನು ನೋಡಿ ಮುಖ ತಿರುಗಿಸಬೇಡಿ.

ಮನೆ ಮತ್ತು ಧರ್ಮಕೇಂದ್ರದ ಪಾಲು

ಮನೆಯವರು ಮಾಡಬೇಕಾದದ್ದು ದೊಡ್ಡ ಕೆಲಸವಲ್ಲ, ಆದರೆ ಬಿಡದೆ ಮಾಡುವ ಕೆಲಸ. ಮಾತ್ರೆಯ ಹೊತ್ತು ನೆನಪಿಸಿ. ಮುಂದಿನ ಭೇಟಿಗೆ ಜೊತೆ ಹೋಗಿ. ಸಂಜೆ ಹತ್ತು ನಿಮಿಷ ಜೊತೆಯಲ್ಲಿ ನಡೆದಾಡಿ. "ಏಳು, ಸೋಮಾರಿ" ಎನ್ನುವ ಬದಲು "ಗಂಜಿ ಮಾಡಿದ್ದೇನೆ, ಎರಡು ತುತ್ತು ಉಣ್ಣು" ಎನ್ನಿ. ಉಪದೇಶ ಕಡಿಮೆ ಮಾಡಿ, ಕಿವಿ ಹೆಚ್ಚು ಕೊಡಿ. ನೋಡಿಕೊಳ್ಳುವವರಿಗೂ ದಣಿವಾಗುತ್ತದೆ, ಅಣ್ಣತಮ್ಮಂದಿರು, ಅತ್ತಿಗೆ ನಾದಿನಿಯರು ಸರದಿ ವಹಿಸಿಕೊಳ್ಳಲಿ.

ಬೆಲ್ಜಿಯಂ ದೇಶದ ಗೇಲ್ ಎಂಬ ಊರಿನಲ್ಲಿ ಸಂತ ಡಿಂಫ್ನಮ್ಮನವರ ದೇವಾಲಯಕ್ಕೆ ಬರುತ್ತಿದ್ದ ಮನೋರೋಗಿಗಳನ್ನು ಊರಿನ ಕುಟುಂಬಗಳು ತಮ್ಮ ಮನೆಗಳಲ್ಲಿ ಇರಿಸಿಕೊಳ್ಳತೊಡಗಿದವು. ಮಧ್ಯಯುಗದಿಂದ ನಡೆದುಬಂದ ಆ ಪದ್ಧತಿ ಇಂದಿಗೂ ವೈದ್ಯರ ಮೇಲ್ವಿಚಾರಣೆಯಲ್ಲಿ ಉಳಿದಿದೆ. ಸಂತರ ಮೇಲಿನ ಭಕ್ತಿ, ಕುಟುಂಬದ ಆರೈಕೆ, ವೈದ್ಯರ ಮದ್ದು ಮೂರೂ ಒಂದೇ ಊರಿನಲ್ಲಿ ಕೈಜೋಡಿಸಿವೆ. ನಮ್ಮ ಧರ್ಮಕೇಂದ್ರದಲ್ಲಿ ಅಷ್ಟು ಆಗದಿದ್ದರೂ, ಆಸ್ಪತ್ರೆಗೆ ಹೋಗಲು ಬಸ್ ಚಾರ್ಜಿಲ್ಲದ ಮನೆಗೆ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ನೆರವಾಗಬಹುದು. ಮೂರು ಭಾನುವಾರ ಕಾಣದವರ ಮನೆಗೆ ಒಬ್ಬರು ಹೋಗಿ ಬರಬಹುದು. ಪ್ರತಿವರ್ಷ ಫೆಬ್ರವರಿ 11ರಂದು ಬರುವ ವಿಶ್ವ ರೋಗಿಗಳ ದಿನದ ವಿಶ್ವಾಸಿಗಳ ಬಿನ್ನಹಗಳಲ್ಲಿ ಮನಸ್ಸಿನ ಕಾಯಿಲೆಯವರನ್ನೂ ಹೆಸರಿಸಿ ಪ್ರಾರ್ಥಿಸಬಹುದು. ದೇವಾಲಯದಲ್ಲಿ ಆ ಪದ ಒಮ್ಮೆ ಗಟ್ಟಿಯಾಗಿ ಕೇಳಿಬಂದರೆ, ಬೆಂಚಿನ ಕೊನೆಯಲ್ಲಿ ತಲೆತಗ್ಗಿಸಿ ಕುಳಿತವರಿಗೆ ಬಾಯಿ ಬಿಡಲು ಧೈರ್ಯ ಬರುತ್ತದೆ.

ಕುಟುಂಬದಲ್ಲಿ, ಕಿರು ಕ್ರೈಸ್ತ ಸಮುದಾಯದಲ್ಲಿ ಚಿಂತನೆಗೆ

1. ಸಿರಾಖ 38:1–15 ಮತ್ತು 1 ಅರಸುಗಳು 19:1–8 ಓದಿ. ದೇವರು ರೋಗಿಗೆ ಯಾವ ಯಾವ ಕೈಗಳ ಮೂಲಕ ನೆರವಾಗುತ್ತಾರೆ?

2. ದೇಹದ ಕಾಯಿಲೆಯವರಿಗೂ ಮನಸ್ಸಿನ ಕಾಯಿಲೆಯವರಿಗೂ ನಾವು ಆಡುವ ಮಾತಿನಲ್ಲಿ ಏನು ವ್ಯತ್ಯಾಸವಿದೆ? ಅದನ್ನು ಹೇಗೆ ತಿದ್ದಿಕೊಳ್ಳಬಹುದು?

3. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ? ಈ ವಾರ ಒಬ್ಬರು ವಿಚಾರಿಸಿಕೊಂಡು ಬಂದು, 14416 ಸಂಖ್ಯೆಯೊಂದಿಗೆ ದೇವಾಲಯದ ಸೂಚನಾ ಫಲಕದಲ್ಲಿ ಬರೆದು ಹಾಕಲಿ.